ಬೆರಳಿಗೆ ನೆನಪಿರುವುದು

ಮಾರ್ಚ್ 14, ಶುಕ್ರವಾರ

ಇವರ ಬ್ಯಾಂಡಿನ ಹೊಸ ಆಲ್ಬಂ ಬಂತು. ನಾದಿನಿ ಫೋನಿನಲ್ಲಿ ನಕ್ಕಳು: "ಅತ್ತಿಗೆ, ಅಣ್ಣ ಹಳೇ ಹಾಡುಗಳಿಗೇ ಹೊಸ ಅಂಗಿ ತೊಡಿಸಿದಾನಲ್ಲ, ಸೋಮಾರಿ!" ನಾನೂ ನಕ್ಕೆ.

ಇವರ ಕಿವಿ ಮಂದವಾಗುತ್ತಿರುವುದು ನನಗೊಬ್ಬಳಿಗೇ ಗೊತ್ತು. ಹೊಸದು ಕೇಳಿಸಿದರೆ ತಾನೇ ಕಟ್ಟುವುದು? ಗಿಟಾರ್ ಹಿಡಿದರೆ ಬೆರಳಿಗೆ ನೆನಪಿರುವುದನ್ನೇ ನುಡಿಸುತ್ತಾರೆ. ಯಾರಿಗೂ ಹೇಳಬಾರದೆಂದು ಮಗುವಿನ ಮೇಲೆ ಆಣೆ ಮಾಡಿಸಿದ್ದಾರೆ.

ಸಂಜೆ ನಾನು ಬಚ್ಚಲಿನಿಂದ ಓಡಿಬಂದಾಗ ಮಗು ಅತ್ತು ಅತ್ತು ಕೆಂಪಾಗಿತ್ತು. ತೊಟ್ಟಿಲಿಗೆ ಬೆನ್ನು ಹಾಕಿ ಕೂತಿದ್ದ ಇವರು, "ಮಲಗಿದೆಯಲ್ಲೇ, ಯಾಕೆ ಓಡ್ತೀಯ?" ಎಂದರು.

ಸೋಮವಾರದಿಂದ ನಾನು ಕೆಲಸಕ್ಕೆ. ಮಗು ಇವರ ಕೈಯಲ್ಲಿ.

ನಿದ್ದೆ ಬರದೆ, ಕಿವಿಗೆ ಹತ್ತಿ ತುರುಕಿಕೊಂಡು ತೊಟ್ಟಿಲ ಪಕ್ಕ ಕೂತಿದ್ದೇನೆ, ಇವರಿಗೆ ಎಷ್ಟು ಕೇಳಿಸೀತು ಎಂದು ನೋಡಲು. ಮಗು ಬಾಯಿ ತೆರೆದಿದೆ. ಅಳುತ್ತಿದೆಯೋ, ಆಕಳಿಸುತ್ತಿದೆಯೋ—