ಮೂವತ್ತೆರಡನೇ ಪುಟದ ಗುಳ್ಳೆ

ಫೆಬ್ರವರಿ 3, ಸಂಜೆ

ಇವತ್ತು ಹನ್ನೊಂದು ತಲೆಗಳಿಗೆ ಕಪ್ಪು ಬಳಿದೆ. ಶಾಲೆಯ ಮಾಂಗಾ ಚಿತ್ರಕಥೆ ಕ್ಲಬ್ಬಿನಲ್ಲಿ ನನ್ನ ಘನವಾದ ಹುದ್ದೆ ಇದು. ನಾಗುರಾ ಚಿತ್ರ ಬಿಡಿಸ್ತಾನೆ. ನಾನು ಇಂಕು ತುಂಬಿ, ಒಣಗಿದ ಮೇಲೆ ಪೆನ್ಸಿಲ್ ಗೆರೆ ಅಳಿಸ್ತೀನಿ. ಮಾತಿನ ಗುಳ್ಳೆಯೊಳಗೆ ಮಾತ್ರ ರಬ್ಬರ್ ಹೋಗಬಾರದು. ಅಲ್ಲಿ ಮಾತು ಪೆನ್ಸಿಲ್‌ನಲ್ಲೇ ಇರಬೇಕು, ಅಚ್ಚು ಹಾಕೋದು ಪತ್ರಿಕೆಯವರು. ಕ್ಲಬ್ಬಿನ ಸದಸ್ಯಬಲ: ಇಬ್ಬರು.

ಪತ್ರಿಕೆಯ ಸ್ಪರ್ಧೆಗೆ ಕಳಿಸೋ ಕಥೆ — ಒಂದೇ ಕ್ಲಾಸಿನ ಇಬ್ಬರು ಹುಡುಗರ ಮೊದಲ ಪ್ರೀತಿ. ಒಬ್ಬನ ಕಿವಿ ಅಗಲ. ಥೇಟ್ ನನ್ನದು.

"ಕಣ್ಣೆದುರಿಗೆ ಇದ್ದಿದ್ದನ್ನ ಬರೆದೆ ಕಣೋ ಇಸೊಬೆ" ಅಂದ ನಾಗುರಾ.

ಸದರಿ ಕಿವಿಗಳು ಮನೆ ತಲುಪೋವರೆಗೂ ಬಿಸಿ.

ಫೆಬ್ರವರಿ 12

ನಾಗುರಾನ ಅಪ್ಪನಿಗೆ ಸಪ್ಪೊರೊಗೆ ವರ್ಗ. ಮಾರ್ಚ್ 25ಕ್ಕೆ ಹೊರಡ್ತಾರೆ. ಹವಾಮಾನ ವರದಿ ಥರ ಹೇಳಿದ. ನಾನೂ "ಓ, ಚಳಿ ಜಾಸ್ತಿ ಅಲ್ಲಿ" ಅಂದೆ. ಮಹಾಜ್ಞಾನಿ.

ಮನೇಲಿ ನಾಗುರಾ ಊರು ಬಿಡ್ತಾನೆ ಅಂದೆ ಅಷ್ಟೇ, ಬೇರೇನೂ ಹೇಳಿಲ್ಲ. ಆದರೂ ಅಕ್ಕ ಊಟಕ್ಕೆ ಕೂತಾಗ, "ಇಂಥ ಮಾಂಗಾ ನನ್ನ ಕಪಾಟಲ್ಲಿ ನಲವತ್ತಿದೆ. ಊರು ಬಿಡೋ ದಿನ ಹುಡುಗ ಸ್ಟೇಷನ್‌ಗೆ ಓಡಬೇಕು."

"ಅವರು ವಿಮಾನದಲ್ಲಿ ಹೋಗ್ತಾರೆ."

"ಹಾಗಾದ್ರೆ ಬೇಗ ಓಡೋಕೆ ಶುರು ಮಾಡು."

ಫೆಬ್ರವರಿ 20

ಮೂವತ್ತೆರಡನೇ ಪುಟ. ಕೊನೇದು. ಅಗಲ ಕಿವಿಯವನಿಗೆ ಇನ್ನೊಬ್ಬ ಏನೋ ಹೇಳ್ತಿದಾನೆ. ಗುಳ್ಳೆ ಖಾಲಿ.

"ಏನ್ ಹೇಳ್ತಾನೋ?"

"ಇನ್ನೂ ಧೈರ್ಯ ಬಂದಿಲ್ಲ."

"ಯಾರಿಗೆ?"

"ಪಾತ್ರಕ್ಕೆ ಕಣೋ, ಪಾತ್ರಕ್ಕೆ!" ಅಂತ ರೇಗಿದ.

ಫೆಬ್ರವರಿ 26

ನಾನು ಸತ್ತೆ.

ನಾಗುರಾ ಬಂದಿರಲಿಲ್ಲ. ಮೇಜಿನ ಮೇಲೆ ಪುಟಗಳಿದ್ದವು. ಕೊನೆಯದನ್ನ ತಲೆಕೆಳಗಾಗಿ ಇಟ್ಕೊಂಡು ಅಳಿಸ್ತಾ ಹೋದೆ. ಕಿಟಕಿ ಕಡೆ ನೋಡ್ತಾ, ಸಪ್ಪೊರೊ ಎಷ್ಟು ದೂರ ಅಂತ ಲೆಕ್ಕ ಹಾಕ್ತಾ. ಗುಳ್ಳೆ ಖಾಲಿ ತಾನೇ... ಅದರ ಮೇಲೂ ರಬ್ಬರ್ ಓಡಿತು.

ಪುಟ ಎತ್ತಿದರೆ ಅಡಿಯಲ್ಲಿ ಚೀಟಿ: "ಗುಳ್ಳೆ ತುಂಬಿದೀನಿ. ಓದಿ ಉತ್ತರ ಕೊಡು."

ಉತ್ತರವಂತೆ. ಮೇಜಿನ ಮೇಲೆ ಬೂದು ಬಣ್ಣದ ರಬ್ಬರ್ ಪುಡಿ. ಅದನ್ನ ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕ್ಕೊಂಡು ಬಂದೆ. ಯಾಕೆ? ಗೊತ್ತಿಲ್ಲ.

ಫೆಬ್ರವರಿ 27

"ನೋಡಿದ್ಯಾ?"

ಇಲ್ಲ ಅನ್ನಬೇಕಿತ್ತು. ಎರಡಕ್ಷರ. "ಹೂಂ" ಅಂದೆ. ಅದು ಒಂದೇ ಅಕ್ಷರ, ಅದಕ್ಕೇ ಇರಬೇಕು ಮೊದಲು ಬಂತು.

ಪುಟ ತೆಗೆದ. ಗುಳ್ಳೆ ನೋಡಿದ.

"ಅಳಿಸಿಬಿಟ್ಟೆ. ಸರಿ ಬಿಡು. ಅದೂ ಉತ್ತರಾನೇ."

"ನಾಗುರಾ, ಅದು ಹಾಗಲ್ಲ—"

"ಪರವಾಗಿಲ್ಲ ಇಸೊಬೆ-ಸಾನ್."

ಸಾನ್! ಗುರುತಿಲ್ಲದವರಿಗೆ ಹಚ್ಚೋ ಮರ್ಯಾದೆ, ಎರಡು ವರ್ಷದಲ್ಲಿ ಮೊದಲ ಸಲ. ಹೊಡೆದಿದ್ದರೆ ವಾಸಿ ಇತ್ತು.

ಮಾರ್ಚ್ 24

ಸ್ಪರ್ಧೆಗೆ ಕಳಿಸಲಿಲ್ಲ. ಪುಟಗಳನ್ನ ಕ್ಲಬ್ಬಿನ ಮೇಜಿನ ಮೇಲೇ ಬಿಟ್ಟು ಹೋದ, ನಾನು ಮನೆಗೆ ತಂದಿಟ್ಟೆ. ಕ್ಲಬ್ಬಿನ ಸದಸ್ಯಬಲ: ಒಬ್ಬ. ಕಾರಿಡಾರಿನಲ್ಲಿ ನನ್ನ ಕಂಡರೆ ಬೇರೆ ಮೆಟ್ಟಿಲು ಹತ್ತುತ್ತಾನೆ. ಇವತ್ತು ಶಾಲೆ ಮುಗಿಯಿತು.

ಕೊನೆಗೆ ಅಕ್ಕನಿಗೆ ಹೇಳಿದೆ. ತಲೆ ಮೇಲೆ ಮೊಟಕಿದಳು. "ಪೆದ್ದ! ನಲವತ್ತು ಪುಸ್ತಕದಲ್ಲೂ ನಿನ್ನಂಥವನು ಸಿಗಲಿಲ್ಲ." ಆಮೇಲೆ, "ಅವನು ಒತ್ತಿ ಬರೀತಾನಾ?"

"ಕಾಗದ ತೂತಾಗೋ ಹಾಗೆ."

"ಮತ್ತೆ ಅಳ್ತಾ ಕೂತಿದೀಯಲ್ಲೋ! ಬೆಳಗ್ಗೆ ಬಿಸಿಲಿಗೆ ಓರೆಯಾಗಿ ಹಿಡಿ. ಗೆರೆಯ ಗುಳಿ ಉಳಿದಿರತ್ತೆ."

ಮಾರ್ಚ್ 25, ಬೆಳಗ್ಗೆ 7:10

ಕೊನೇ ಪುಟ ಕಿಟಕಿ ಹತ್ತಿರ ಹಿಡಿದೆ. ಕಾಣ್ತಿದೆ. ಪಾತ್ರದ ಹೆಸರಲ್ಲ ಅಲ್ಲಿರೋದು. "ಇಸೊಬೆ" ಅಂತಿದೆ. ಕೆಳಗೆ — "ನೀನಂದ್ರೆ ನನಗಿಷ್ಟ. ಬೇಡ ಅನ್ನಿಸಿದರೆ ಅಳಿಸಿಬಿಡು."

ಅಯ್ಯೋ.

ಹತ್ತು ಗಂಟೆಗೆ ವಿಮಾನ. ಅಕ್ಕ ಕೆಳಗೆ ಸೈಕಲ್ ಬೆಲ್ ಹೊಡೀತಿದಾಳೆ, "ಬಾರೋ, ಏರ್‌ಪೋರ್ಟ್ ಬಸ್ಸು ಏಳೂಕಾಲಿಗೆ!"

ಅದೇ ಗುಳ್ಳೆಯೊಳಗೆ ಉತ್ತರ ಬರೆದೆ. ಪೆನ್ಸಿಲ್ಲಲ್ಲ, ಇಂಕಲ್ಲಿ. ಒಣಗೋಕೆ ಹತ್ತು ನಿಮಿಷ ಬೇಕು. ಇರೋದು ಐದು. ಊದ್ಕೊಂಡೇ ಓಡ್ತೀನಿ, ಮುಖಕ್ಕೆ ಹಿಡಿದು ತೋರಿಸ್ತೀನಿ, ಅವನು ಹೂಂ ಅನ್ನೋವರೆಗೂ ನಾ—