ಬೂದಿ ಬುಧವಾರ ಫೋನಿನಲ್ಲಿ ಹೇಳಿದ ನಿಜ

ವಿಮಾ ಕಚೇರಿಯ ಮಾನ್ಯ ಮೇಲ್ಮನವಿ ಅಧಿಕಾರಿಗಳೇ,

ಇಂದು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಾಲ್ಕನೆಯ ಶುಕ್ರವಾರ, ನನಗೆ ಉಪವಾಸ. ಐದಕ್ಕೆ ಎದ್ದು, ಸುಣ್ಣದ ನೀರಿನಲ್ಲಿ ನೆನೆದಿದ್ದ ಮೆಕ್ಕೆಜೋಳ ತೊಳೆದು, ಪಾಪಸುಕಳ್ಳಿಯ ಎಲೆಗಳ ಮುಳ್ಳು ಕೆರೆದು, ಮೊಮ್ಮಗಳ ಬಟ್ಟೆ ಒಗೆದು ಹರವಿ, ಕೋಳಿಗಳಿಗೆ ಕಾಳು ಹಾಕಿ, ಒಂದು ಲೋಟ ಕಪ್ಪು ಕಾಫಿಯೊಂದಿಗೆ ಈ ಕಾಗದದ ಮುಂದೆ ಕೂತಿದ್ದೇನೆ. ಏಳೂವರೆಗೆ ಶಾಲೆಯ ಅಡುಗೆಮನೆಯಲ್ಲಿರಬೇಕು. ಅಷ್ಟರೊಳಗೆ ಒಂದು ಮಾತು ಹೇಳಿ ಮುಗಿಸಬೇಕು: ನಿಮ್ಮ ಕಚೇರಿ ನನ್ನ ಮಗಳನ್ನು ಕೊಲ್ಲುತ್ತಿದೆ. ಬೇಕೆಂದೇ ಕೊಲ್ಲುತ್ತಿದೆ ಎನ್ನಲಾರೆ. ಬೇಕೆಂದು ಮಾಡುವವನಿಗೆ ಒಂದು ಮುಖವಾದರೂ ಇರುತ್ತದೆ, ಎದುರು ನಿಂತು ಕೇಳಬಹುದು. ನಿಮಗೆ ಬರೆದ ಎರಡು ಪತ್ರಗಳಿಗೂ ಯಂತ್ರವೇ ಉತ್ತರ ಕೊಟ್ಟಿತು. ಅದಕ್ಕೇ ಮೂರನೆಯದನ್ನು ನಮ್ಮ ವಾರಪತ್ರಿಕೆಗೂ ಕೊಡುತ್ತಿದ್ದೇನೆ. ಓದಿದವರಲ್ಲಿ ಒಬ್ಬರಾದರೂ ಮನುಷ್ಯರಿರಲಿ ಎಂದು.

ನನ್ನ ಹೆಸರು ಎಲಾದಿಯಾ. ಮೆಕ್ಸಿಕೋದ ಹಳ್ಳಿಯಲ್ಲಿ ಆರನೆಯ ತರಗತಿಯವರೆಗೆ ಓದಿದವಳು. ಟೆಕ್ಸಸ್ಸಿನ ಈ ಹತ್ತಿ ಬಯಲಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಅದರಲ್ಲಿ ಹದಿನೇಳು ವರ್ಷ ಇಗರ್ಜಿಯವರು ನಡೆಸುವ ಶಾಲೆಯ ಅಡುಗೆಯವಳಾಗಿದ್ದೇನೆ. ಆ ಕೆಲಸದಿಂದಲೇ ನನಗೆ ನಿಮ್ಮ ವಿಮೆ. ಮಕ್ಕಳಿಗೆ ಇಪ್ಪತ್ತಾರು ತುಂಬುವವರೆಗೆ ಅವರೂ ಅದರ ನೆರಳಿನಲ್ಲಿರಬಹುದು. ನನ್ನ ಕೊನೆಯ ಮಗಳು ದೆಲ್ಫಿನಾಗೆ ಇಪ್ಪತ್ನಾಲ್ಕು. ಅವಳ ಗಂಡ ಎಲಾಯ್ ಎಣ್ಣೆ ಬಾವಿಗಳ ಮೇಲೆ ಗುತ್ತಿಗೆ ಕೂಲಿ, ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಅವನಿಗೆ ಯಾರ ವಿಮೆಯೂ ಇಲ್ಲ.

ಎಂಟು ತಿಂಗಳ ಹಿಂದೆ ದೆಲ್ಫಿನಾ ಹೆಣ್ಣುಮಗುವನ್ನು ಹೆತ್ತಳು. ಲೂಸ್ ಎಂದು ಹೆಸರಿಟ್ಟೆವು. ಮೂರು ವಾರಕ್ಕೆ ದೆಲ್ಫಿನಾಳ ಕಾಲು ಊದಿಕೊಂಡಿತು. ಬಾಣಂತಿಗೆ ಊತ ಸಹಜ ಎಂದುಕೊಂಡೆ. ಆಮೇಲೆ ಅವಳಿಗೆ ಮಲಗಲು ಆಗಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದಳು. ನಗರದ ಆಸ್ಪತ್ರೆಯಲ್ಲಿ ನೋಡಿದರೆ ಹೆರಿಗೆಯೇ ಅವಳ ಹೃದಯವನ್ನು ಹಿಗ್ಗಿಸಿ ಬಿಟ್ಟಿತ್ತು. ಹಳೆಯ ಸಾಕ್ಸಿನ ಬಾಯಿಯಂತೆ, ಹಿಗ್ಗಿದ್ದು ಮತ್ತೆ ಬಿಗಿಯಲಿಲ್ಲ. ಹೃದಯದ ವೈದ್ಯೆ ನನ್ನನ್ನು ಹೊರಗೆ ಕರೆದು ಹೇಳಿದರು: "ಅಮ್ಮಾ, ಇವಳು ಇನ್ನೊಂದು ಹೆರಬಾರದು. ಹೆತ್ತರೆ ಮಗುವನ್ನು ನೀವೇ ಸಾಕಬೇಕಾಗತ್ತೆ."

ಹಾಗಾದರೆ ಏನು ಮಾಡುವುದು ಎಂದು ಕೇಳಿದೆ. ಗರ್ಭ ತಡೆಯುವ ಸಾಮಾನ್ಯ ಮಾತ್ರೆ ಈ ಹೃದಯಕ್ಕೆ ಆಗಿಬರುವುದಿಲ್ಲವಂತೆ, ರಕ್ತ ಹೆಪ್ಪುಗಟ್ಟುತ್ತದಂತೆ. ಅಂಗಡಿಯಲ್ಲಿ ಸಿಗುವ ವಸ್ತುವೊಂದನ್ನೇ ನಂಬಿ ಪ್ರಾಣ ಪಣಕ್ಕಿಡಬಾರದಂತೆ. ತೋಳಿನ ಚರ್ಮದಡಿ ಇಡುವ ಒಂದು ಕಡ್ಡಿಯಿದೆ, ಬೆಂಕಿಕಡ್ಡಿಯಷ್ಟು ಉದ್ದ. ಮೂರು ವರ್ಷ ಕಾಯುತ್ತದೆ. "ಅದನ್ನ ಹಾಕಿಸಿ. ಆದ್ರೆ ನಾನು ಹೇಳ್ದೆ ಅನ್ನಬೇಡಿ" ಎಂದರು ವೈದ್ಯೆ. ಅದು ಇಗರ್ಜಿಯ ಆಸ್ಪತ್ರೆ, ಗರ್ಭ ತಡೆಯುವುದು ಅಲ್ಲಿ ಪಾಪ. ಇನ್ನೊಂದು ಗರ್ಭ ಅಪಾಯ ಎಂದು ಅವರು ಕಾಗದದಲ್ಲಿ ಬರೆಯಬಹುದು. ಗರ್ಭ ನಿಲ್ಲದಂತೆ ಇಂಥದ್ದನ್ನು ಹಾಕಿಸಿ ಎಂದು ಮಾತ್ರ ಬರೆಯುವಂತಿಲ್ಲ. ಬಾವಿಗೆ ಬೀಳಬೇಡ ಎನ್ನಬಹುದು, ಬಾವಿಗೆ ಮುಚ್ಚಳ ಹಾಕು ಎನ್ನಬಾರದು. ಹದಿನೇಳು ವರ್ಷ ಮಕ್ಕಳಿಗೆ ಅನ್ನ ಬೇಯಿಸಿದ ನನ್ನಂಥವಳ ಬುದ್ಧಿಗೆ ಈ ನೀತಿಯ ಆಳ ನಿಲುಕದಿದ್ದರೆ ಕ್ಷಮಿಸಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ತಪಸ್ಸುಕಾಲದ ಮೊದಲ ದಿನ, ಬೂದಿ ಬುಧವಾರ, ಬೆಳಗಿನ ಪೂಜೆ ಮುಗಿಸಿ ಹಣೆಯ ಮೇಲೆ ಬೂದಿಯ ಶಿಲುಬೆ ಇಟ್ಟುಕೊಂಡೇ ಬಂದು, ಆ ಕಡ್ಡಿಗಾಗಿ ನಿಮ್ಮ ಕಚೇರಿಗೆ ಫೋನು ಮಾಡಿದೆ. ಐವತ್ತು ನಿಮಿಷ ಪಿಯಾನೋ ಕೇಳಿದ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು. ಒಳ್ಳೆಯ ಹುಡುಗಿ, ನಮ್ಮ ಭಾಷೆಯವಳು.

"ಅಮ್ಮಾ, ಇದು ಯಾತಕ್ಕೆ ಬೇಕು ಅಂತ ಬರ್ಕೋಬೇಕು."

"ಮತ್ತೆ ಬಸುರಿ ಆಗಬಾರ್ದು ಅಂತ ಕಣಮ್ಮ. ಇನ್ಯಾತಕ್ಕೆ?"

ಆ ಕಡೆ ಟೈಪು ಮಾಡುವ ಸದ್ದು ನಿಂತಿತು.

"ಇನ್ನೊಂದ್ಸಲ ಕೇಳ್ತೀನಿ. ನಿಧಾನ ಯೋಚ್ನೆ ಮಾಡಿ ಹೇಳಿ. ಮಗಳಿಗೆ ಮುಟ್ಟಿನಲ್ಲಿ ಜಾಸ್ತಿ ಹೋಗತ್ತಾ?"

"ಇಲ್ಲ."

"ಹೊಟ್ಟೆನೋವು? ಸಿಕ್ಕಾಪಟ್ಟೆ ನೋವು?"

"ಇಲ್ಲ ತಾಯಿ."

"ಮುಖದ ಮೇಲೆ ಮೊಡವೆ? ಒಂದಾದ್ರೂ?"

"ಅವಳ ಮುಖ ಮೊಟ್ಟೆ ಥರ ಇದೆ. ಅಲ್ಲಮ್ಮ, ಹೃದಯದ ಕಾಯಿಲೆಗೂ ಮೊಡವೆಗೂ ಏನು ಸಂಬಂಧ?"

"ನೀವು ಹೂಂ ಅಂದ್ರೆ ಸಂಬಂಧ ಇರತ್ತೆ ಅಮ್ಮಾ" ಎಂದಳು ದನಿ ತಗ್ಗಿಸಿ.

ಅವಳು ಬಾಗಿಲು ತೆರೆದು ಹಿಡಿದು ನಿಂತಿದ್ದಳು. ನನಗೆ ತಿಳಿಯಲಿಲ್ಲ. "ಹಣೆ ಮೇಲೆ ಬೂದಿ ಇಟ್ಕೊಂಡು ಕೂತಿದೀನಿ ಕಣಮ್ಮ, ಉಪವಾಸ ಬೇರೆ. ನನ್ನ ಬಾಯಲ್ಲಿ ಸುಳ್ಳು ಹೇಳಿಸ್ಬೇಡ" ಎಂದೆ. ಅವಳು ನಿಟ್ಟುಸಿರು ಬಿಟ್ಟು, "ಆಯ್ತಮ್ಮಾ, ಬರ್ಕೊಂಡೆ" ಎಂದಳು. ಸಾವಿನ ಮನೆಗೆ ಬಂದವರು ಮಾತಾಡುವ ದನಿಯಲ್ಲಿ.

ಹತ್ತು ದಿನಕ್ಕೆ ನಿಮ್ಮ ಪತ್ರ ಬಂತು. "ಕೋರಿಕೆಯ ಉದ್ದೇಶ: ಗರ್ಭ ತಡೆಯುವುದು. ಧಾರ್ಮಿಕ ಸಂಸ್ಥೆಯ ಯೋಜನೆಯಡಿ ಈ ಉದ್ದೇಶಕ್ಕೆ ರಕ್ಷಣೆಯಿಲ್ಲ. ನಿರಾಕರಿಸಲಾಗಿದೆ." ಕೆಳಗೆ ನೀಲಿ ಅಕ್ಷರದಲ್ಲಿ, "ನಿಮ್ಮ ಆರೋಗ್ಯವೇ ನಮ್ಮ ಪ್ರಾರ್ಥನೆ" ಅಂತೆ! ಆ ಸಾಲನ್ನು ಮೂರು ಸಲ ಓದಿದೆ. ಯಾರ ಹೆಸರು ಹೇಳಿ ಪ್ರಾರ್ಥಿಸುತ್ತೀರಿ, ಸ್ವಾಮಿ? ಒಮ್ಮೆಯಾದರೂ ದೆಲ್ಫಿನಾ ಎಂದಿರಾ?

ಅಂದು ಸಂಜೆ ತೋಮಾಸಾ ಬಂದಳು. ದೆಲ್ಫಿನಾಳ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದವಳು. ಅಂದಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ, ಜೊತೆತಾಯಿ, ಎಂದೇ ಕರೆಯುವುದು. ಪತ್ರ ಓದಿ ಅವಳು ಮೇಜು ಗುದ್ದಿದಳು.

"ಮೊಡವೆ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ ಕೊಮಾದ್ರೆ? ಈ ಊರಲ್ಲಿ ಅರ್ಧ ಹೆಂಗಸರಿಗೆ ವಿಮೆಯೋರ ಮುಂದೆ ಹೊಟ್ಟೆನೋವು, ಮನೇಲಿ ಏನೂ ಇಲ್ಲ. ನಿನಗೊಬ್ಬಳಿಗೇ ಸ್ವರ್ಗದಲ್ಲಿ ಸೀಟು ಕಾದಿರ್ಸಿದಾರೆ ನೋಡು!"

"ನಂಗೇನು ಗೊತ್ತಿತ್ತು, ಅವರು ಪ್ರಶ್ನೆ ಕೇಳಿದ್ದು ಉತ್ತರಕ್ಕಲ್ಲ ಅಂತ."

ಶನಿವಾರ ಪಾಪನಿವೇದನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ನಮ್ಮ ಫಾದರ್ ವಯಸ್ಸಾದವರು, ಕಿವಿ ಮಂದ, ಎರಡು ಸಲ ಹೇಳಬೇಕಾಯಿತು. "ಎಲಾದಿಯಾ, ನಿಜ ಹೇಳಿದ್ದಕ್ಕೆ ಯಾರೂ ಪಾಪನಿವೇದನೆ ಮಾಡಲ್ಲ" ಎಂದರು. "ಆ ನಿಜದಿಂದ ನನ್ನ ಮಗಳು ಸತ್ತರೆ, ಫಾದರ್?" ಎಂದೆ. ಅದಕ್ಕೆ ಅವರು ಪ್ರಾಯಶ್ಚಿತ್ತ ವಿಧಿಸಲಿಲ್ಲ. ಕಿಟಕಿಯ ಜಾಲರಿಯ ಆಚೆ ಮೂಗು ಒರೆಸಿಕೊಂಡರು, ಅಷ್ಟೆ.

ನಾನು ಕೈಕಟ್ಟಿ ಕೂತೆನೆಂದು ತಿಳಿಯಬೇಡಿ. ನಮ್ಮ ಊರಿನ ಚಿಕಿತ್ಸಾಲಯ ಅದೇ ಇಗರ್ಜಿಯ ಆಸ್ಪತ್ರೆಗೆ ಸೇರಿದ್ದು. ಅಲ್ಲಿ ಆ ಕಡ್ಡಿಯನ್ನು ಕಪಾಟಿನಲ್ಲಿ ಇಡುವುದೂ ಇಲ್ಲ. ನೂರ ನಲವತ್ತು ಮೈಲಿ ದೂರದ ಇನ್ನೊಂದಕ್ಕೆ ತೋಮಾಸಾಳ ಪಿಕಪ್ಪಿನಲ್ಲಿ ಮಗಳನ್ನು ಕೂರಿಸಿಕೊಂಡು ಹೋದೆ. ಕಡ್ಡಿಯ ಬೆಲೆಗೆ ಹೊಲಿಗೆ ಯಂತ್ರ ಮಾರಲೂ ತಯಾರಾಗಿದ್ದೆ. "ಇಂಥ ಹೃದಯಕ್ಕೆ ನಾವು ಕೈ ಹಾಕಬೇಕಾದ್ರೆ, ಹಾಕಬಹುದು ಅಂತ ಹೃದಯದ ಡಾಕ್ಟರ ಕಾಗದ ಬೇಕು" ಎಂದರು. ಯಾವ ಕಾಗದ? ಬರೆಯಬಾರದೆಂದು ಆಸ್ಪತ್ರೆ ವೈದ್ಯೆಯ ಕೈಕಟ್ಟಿರುವ ಅದೇ ಕಾಗದ. ಇನ್ನು ಬಡ ಹೆಂಗಸರಿಗೆಂದು ಸರ್ಕಾರದ ಯೋಜನೆಯಿದೆ. ಅಲ್ಲಿಯ ಗುಮಾಸ್ತ, "ನಿಮಗೆ ವಿಮೆ ಇದೆಯಲ್ಲ, ಇದು ಇಲ್ಲದೋರಿಗೆ" ಎಂದ. ವಿಮೆಯಿಂದ ಮಗಳ ಹೆಸರು ತೆಗೆಸುತ್ತೇನೆ ಎಂದರೆ, ಅದು ನವೆಂಬರಿನಲ್ಲಿ ಮಾತ್ರ ಆಗುವ ಕೆಲಸ. ತೆಗೆಸಿದೆ ಎಂದೇ ಇಟ್ಟುಕೊಳ್ಳಿ, ಅವಳ ಹೃದಯದ ಔಷಧಿ ಬರುತ್ತಿರುವುದು ಆ ವಿಮೆಯಿಂದಲೇ! ಬಸುರಾಗದಂತೆ ನೋಡಿಕೊಳ್ಳಲು ಹೋಗಿ ಉಸಿರನ್ನು ಬಿಟ್ಟುಕೊಡಬೇಕು. ಅಳಿಯ ಆಪರೇಷನ್ ಮಾಡಿಸಿಕೊಳ್ಳಲಿ ಎನ್ನುವಿರೇನೋ. ಅವನು ಕೇಳಿಯೂ ಬಂದ. ವಿಮೆಯಿಲ್ಲದವನಿಗೆ ಸರದಿ ಬರುವುದು ಶರತ್ಕಾಲಕ್ಕೆ.

ಹೋದ ತಿಂಗಳು ಎಲಾಯ್ ಬಂದಾಗ ದೆಲ್ಫಿನಾ ಮಗುವಿನೊಂದಿಗೆ ನನ್ನ ಕೋಣೆಯಲ್ಲಿ ಮಲಗಿದಳು. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಸೋಫಾದ ಅಂಚಿನಲ್ಲಿ ಕೂರುತ್ತಿದ್ದ, ಕಾಫಿ ಕೊಟ್ಟರೆ ಎದ್ದು ನಿಂತು ತೆಗೆದುಕೊಳ್ಳುತ್ತಿದ್ದ. "ನೋಡಮ್ಮ, ನನ್ನ ಗಂಡ ಊಟಕ್ಕೆ ಕರೆದ ಪಾದ್ರಿ ಥರ ಕೂತಿದಾನೆ" ಎಂದು ದೆಲ್ಫಿನಾ ನಕ್ಕಳು. ಅವನೂ ನಕ್ಕ. ಅವರಿಬ್ಬರೂ ಆ ವಾರವೆಲ್ಲ ಪಾದ್ರಿಗಳಂತೆಯೇ ಇದ್ದರೆಂದು ನಾನು ಆಣೆಯಿಟ್ಟು ಹೇಳಲಾರೆ. ಅವರು ಗಂಡ ಹೆಂಡತಿ. ನಮ್ಮ ಇಗರ್ಜಿಯೇ ಕೈಗೆ ಕೈ ಕೊಟ್ಟು ಒಂದು ಮಾಡಿದ್ದು. ಅವನು ಹೋದ ಮೇಲೆ ಮಗಳ ಮುಟ್ಟು ನಿಂತಿತು. ಒಂದು ದಿನ, ಎರಡು ದಿನ, ಆರು ದಿನ. ನಾನು ಶಾಲೆಯಲ್ಲಿ ನೂರ ಹತ್ತು ಮಕ್ಕಳ ಬೇಳೆಗೆ ಎರಡು ಸಲ ಉಪ್ಪು ಹಾಕಿದೆ. ಏಳನೆಯ ಬೆಳಿಗ್ಗೆ ಬಚ್ಚಲಿನಿಂದ, "ಅಮ್ಮಾ!" ಎಂದು ಕೂಗಿದಳು. ಬಾಗಿಲಲ್ಲಿ ನಿಂತು ನಗುತ್ತಿದ್ದಳು, ಕಣ್ಣೀರು ಸುರಿಯುತ್ತಿತ್ತು. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆವು. ಐದು ಹೆತ್ತವಳು ನಾನು. ಪ್ರತಿ ಬಾರಿಯೂ ಮುಟ್ಟು ನಿಂತಾಗ ಮಾತೆ ಮರಿಯಳ ಮುಂದೆ ಮೇಣದ ಬತ್ತಿ ಹಚ್ಚಿದವಳು. ಮಗಳಿಗೆ ಮುಟ್ಟಾಯಿತೆಂದು ಬತ್ತಿ ಹಚ್ಚಿದ್ದು ಇದೇ ಮೊದಲು.

ಇಗರ್ಜಿಯ ಬೋಧನೆಯೊಂದಿಗೆ ನನಗೆ ಜಗಳವಿಲ್ಲ. ನನ್ನ ಸಂಸಾರದಲ್ಲಿ ನಾನು ಗರ್ಭ ತಡೆಯಲು ಏನನ್ನೂ ನುಂಗಿದವಳಲ್ಲ, ದೇವರು ಕೊಟ್ಟಷ್ಟನ್ನು ಪಡೆದೆ, ಅದರಲ್ಲಿ ಇಬ್ಬರನ್ನು ಅವನಿಗೇ ಒಪ್ಪಿಸಿದೆ. ನನ್ನ ಜಗಳ ನಿಮ್ಮ ಪಟ್ಟಿಯೊಂದಿಗೆ. ಅದರಲ್ಲಿ ಮೊಡವೆಗೆ ಜಾಗವಿದೆ, ನನ್ನ ಮಗಳ ಪ್ರಾಣಕ್ಕೆ ಇಲ್ಲ. ಅದೇ ಕಡ್ಡಿ, ಅದೇ ತೋಳು, ಅದೇ ವಿಮೆ. ಹೊಟ್ಟೆನೋವು ಎಂದವಳಿಗೆ ಸಿಗುತ್ತದೆ, ಸಾಯುತ್ತೇನೆ ಎಂದವಳಿಗೆ ಸಿಗುವುದಿಲ್ಲ. ಧರ್ಮಕ್ಕಾಗಿ ಈ ನಿಯಮ ಎನ್ನುತ್ತೀರಿ. ಸುಳ್ಳು ಹೇಳುವವರನ್ನು ಒಳಗೆ ಬಿಟ್ಟು ನಿಜ ಹೇಳುವವರನ್ನು ಹೊರಗೆ ನಿಲ್ಲಿಸುವ ಧರ್ಮವನ್ನು ನನಗೆ ನನ್ನ ಅಜ್ಜಿ ಕಲಿಸಲಿಲ್ಲ. ಹತ್ತು ಆಜ್ಞೆಗಳಲ್ಲಿ ಸುಳ್ಳು ಸಾಕ್ಷಿಯ ಬಗ್ಗೆ ಒಂದಿದೆ. ನಿಮ್ಮ ಪಟ್ಟಿಯ ಬಗ್ಗೆ ಎಷ್ಟಿವೆ?

ಹೋದ ವಾರ ನಿಮ್ಮ ಯಂತ್ರ ಮೇಲ್ಮನವಿಯ ನಮೂನೆ ಕಳಿಸಿತು. ಉದ್ದೇಶ ಬದಲಾಯಿಸಬೇಕಿದ್ದರೆ, ಮೊದಲು ಕೊಟ್ಟ ಹೇಳಿಕೆ ಸುಳ್ಳೆಂದು ಪ್ರಮಾಣ ಮಾಡಿ ಸಹಿ ಹಾಕಬೇಕಂತೆ. ನಿಜವನ್ನು ಸುಳ್ಳು ಎನ್ನಬೇಕು, ಆಮೇಲೆ ಸುಳ್ಳನ್ನು ನಿಜ ಎನ್ನಬೇಕು. ಒಂದು ಕಡ್ಡಿಗೆ ಎರಡು ಪಾಪ. ಪರಿಶೀಲನೆಗೆ ಮೂವತ್ತು ಕೆಲಸದ ದಿನ. ಅಂದರೆ ಈಸ್ಟರ್ ಕಳೆದು, ಮತ್ತೆ ಮೂರು ವಾರ. ಎಲಾಯ್ ನಾಳೆ ಬರುತ್ತಾನೆ. ನಿಮ್ಮ ಮೂವತ್ತು ದಿನ ಮುಗಿಯುವುದರೊಳಗೆ ಇನ್ನೂ ಎರಡು ಸಲ ಬರುತ್ತಾನೆ. ಅವನಿಗೆ ಏನು ಹೇಳಲಿ? ಮನೆಗೆ ಬರಬೇಡ, ನಿನ್ನ ಹೆಂಡತಿಯ ಕಡತ ಮೇಜಿನ ಮೇಲಿದೆ ಎನ್ನಲೇ?

ನನ್ನ ಬೇಡಿಕೆ ಇಷ್ಟೇ. ಅವಳ ತೋಳಿಗೆ ಆ ಕಡ್ಡಿಯನ್ನು ನಾನು ಹೇಳಿದ ನಿಜದ ಮೇಲೆಯೇ ಮಂಜೂರು ಮಾಡಿ, ಮತ್ತು ಹೃದಯದ ವೈದ್ಯೆ ತನಗೆ ತಿಳಿದದ್ದನ್ನು ಬರೆಯಲು ಅಪ್ಪಣೆ ಕೊಡಿ ಎಂದು ಆ ಆಸ್ಪತ್ರೆಗೆ ನೀವೇ ಹೇಳಿ. ನಿಮ್ಮ ಮಾತು ಅಲ್ಲಿ ನಡೆಯುತ್ತದೆ, ನನ್ನದು ನಡೆಯುವುದಿಲ್ಲ. ಅದಾಗದಿದ್ದರೆ ಇನ್ನೊಂದು ಮಾಡಿ. ಯಾವ ಸುಳ್ಳು ಹೇಳಿದರೆ ನನ್ನ ಮಗಳು ಬದುಕುತ್ತಾಳೋ ಅದನ್ನು ನಿಮ್ಮ ಕೈಬರಹದಲ್ಲಿ ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ ಕಳಿಸಿ. ಮೊಡವೆಯೋ, ಹೊಟ್ಟೆನೋವೋ, ನಿಮ್ಮ ಇಷ್ಟ. ನಾನು ಉಪವಾಸದ ದಿನವೇ, ಶಿಲುಬೆಯ ಮುಂದೆ ಕೂತೇ ಸಹಿ ಹಾಕುತ್ತೇನೆ. ಬೂದಿ ಬುಧವಾರ ಸುಳ್ಳು ಬೇಡ ಎಂದವಳು ಇವತ್ತು ಹೀಗೆ ಬರೆಯುತ್ತಿದ್ದಾಳೆ. ಪಾಪ ನನ್ನ ತಲೆಯ ಮೇಲಿರಲಿ, ಹೊರುತ್ತೇನೆ. ಅದನ್ನು ನನಗೆ ಕಲಿಸಿದವರು ಯಾರು ಎಂಬುದಕ್ಕೆ ಮಾತ್ರ, ಮೇಲಿನವನಿಗೆ ಲೆಕ್ಕ ಕೊಡುವ ದಿನ ನನ್ನ ಕೈಯಲ್ಲಿ ಒಂದು ಕಾಗದ ಇರಲಿ.

ಇಂತಿ,
ಕೇಳಿದ ಪ್ರಶ್ನೆಗೆ ಕೇಳಿದ ಹಾಗೆ ಉತ್ತರ ಕೊಟ್ಟ ದಡ್ಡಿ,
ಎಲಾದಿಯಾ ಮೊಂದ್ರಾಗೋನ್
ಶಾಲೆಯ ಅಡುಗೆಯವಳು

ಇದನ್ನು ಪತ್ರಿಕೆಯಲ್ಲಿ ಓದುವ ನಮ್ಮ ಊರಿನವರಲ್ಲಿ ಒಂದು ವಿನಂತಿ. ಅಂಚೆ ಕಚೇರಿಯ ಕಿಟಕಿ ಮಧ್ಯಾಹ್ನಕ್ಕೇ ಮುಚ್ಚುತ್ತದೆ, ಆ ಹೊತ್ತಿಗೆ ನಾನು ಒಲೆಯ ಮುಂದಿರುತ್ತೇನೆ. ನನಗೆ ಉತ್ತರ ಬಂದಿದ್ದರೆ ಪೋಸ್ಟ್‌ಮಾಸ್ಟರಿಗೆ ಹೇಳಿ ಇಸಿದುಕೊಂಡು, ಯಾರಾದರೂ ಶಾಲೆಯ ಅಡುಗೆಮನೆಯ ಹಿಂಬಾಗಿಲಿಗೆ ತಂದುಕೊಡಿ. ದಾರಿಯಲ್ಲಿ ನಮ್ಮ ಮನೆ ಸಿಗುತ್ತದೆ, ಆದರೆ ಅಲ್ಲಿ ದೆಲ್ಫಿನಾಳ ಕೈಗೆ ಕೊಡಬೇಡಿ. ಒಳ್ಳೆಯ ಸುದ್ದಿಯಾದರೆ ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಓಡಿ ಬಂದಾಳು. ಅವಳು ಓಡಬಾರದು.