ಔಟಾದವನನ್ನು ಒಳಗೆ ಬಿಡದ ಆಟ

ಸಾರಕ್ಕಿ
೧೯-೨-೧೯೬೭, ಭಾನುವಾರ

ನನ್ನ ಪ್ರೀತಿಯ ಅಕ್ಕಾ,

ಅಕ್ಷರ ಸೊಟ್ಟಗಿದ್ದರೆ, ತಪ್ಪಿದ್ದರೆ ನಗಬೇಡ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ದು ನಿನಗೆ ಗೊತ್ತೇ ಇದೆ. ಭಾವನ ಕೈಲಿ ಓದಿಸಬೇಡ, ನೀನೇ ಓದಿಕೋ.

ಯಡಿಯೂರಿನ ಚಿಕ್ಕಬೈರಪ್ಪನವರ ಮಗ ಕಿಟ್ಟಿಯ ಸಂಬಂಧ ಬಂದಿತ್ತಲ್ಲ, ಅಪ್ಪ ಬೇಡ ಅಂದಿದ್ದರು. ಕಾಲೇಜಿನಲ್ಲಿ ಚಡ್ಡಿ ಹಾಕಿಕೊಂಡು ಚೆಂಡು ಎಸೆಯುವವನ ಮೈಯಲ್ಲಿ ಕಸುವೆಲ್ಲಿರುತ್ತೆ ಎಂಬುದೇ ಅವರ ಮಾತು. ನನಗೆ ಒಪ್ಪಿಗೆ ಎಂದು ನಿನ್ನ ಹತ್ತಿರ ಬಿಟ್ಟು ಯಾರ ಹತ್ತಿರವೂ ನಾನು ಬಾಯಿಬಿಟ್ಟಿರಲಿಲ್ಲ.

ಗುರುವಾರ ಅಪ್ಪನ ಜೊತೆ ಜಯನಗರಕ್ಕೆ ಸೊಪ್ಪು ಹಾಕಿ ಗಾಡಿಯಲ್ಲಿ ವಾಪಸು ಬರುತ್ತಿದ್ದೆ. ದಾರಿಯ ಪಕ್ಕದ ಮೈದಾನದಲ್ಲಿ ಎರಡು ಕಾಲೇಜುಗಳ ನಡುವೆ ಬ್ಯಾಸ್ಕೆಟ್‌ಬಾಲ್ ನಡೆದಿತ್ತು. ಅಪ್ಪ ಗಾಡಿ ನಿಲ್ಲಿಸಿ ಜನರ ಮಧ್ಯೆ ಹೋಗಿ ನಿಂತರು. ನಾನು ಗಾಡಿಯ ಮರೆಯಲ್ಲೇ ಉಳಿದೆ.

ಎದುರು ಕಡೆಯ ಉದ್ದನೆಯ ಹುಡುಗನೊಬ್ಬ ಚೆಂಡು ಪುಟಿಸುತ್ತಾ ಒಬ್ಬನೇ ನುಗ್ಗಿದ. ಇನ್ನೇನು ಬುಟ್ಟಿಗೆ ಹಾಕಬೇಕು, ಅಷ್ಟರಲ್ಲಿ ಕಿಟ್ಟಿ ಹಿಂದಿನಿಂದ ಓಡಿಬಂದು ಅವನ ಸೊಂಟ ತಬ್ಬಿ ಹಿಡಿದು ನೆಲಕ್ಕೆ ಕೆಡವಿಬಿಟ್ಟ. ರೆಫರಿ ಸೀಟಿ ಊದಿ, ಹೊರಗೆ ಕೈ ತೋರಿಸಿ, ಕಿಟ್ಟಿಯನ್ನು ಆಟದಿಂದಲೇ ಕಳಿಸಿಬಿಟ್ಟರು. ಮೊದಲೇ ಬೇಡವಾಗಿದ್ದ ಸಂಬಂಧ, ಈಗ ರೌಡಿ ಅಂತಲೂ ಹೆಸರು ಬಂತು, ಇನ್ನು ಮುಗಿಯಿತು ಅಂದುಕೊಂಡೆ.

ಅಪ್ಪ ನೋಡಿದರೆ ಚಪ್ಪಾಳೆ ಹೊಡೆಯುತ್ತಿದ್ದಾರೆ. ಹುಡುಗ ವಯಸ್ಸಿನಲ್ಲಿ ಸಾರಕ್ಕಿ ಕಬಡ್ಡಿ ತಂಡದಲ್ಲಿ ಹಿಡಿಯುವುದಕ್ಕೆ ಹೆಸರಾದವರು ಅವರು. ಅಂಥ ಹಿಡಿತ ಕಂಡು ಎಷ್ಟೋ ವರ್ಷವಾಗಿತ್ತಂತೆ. ಅಷ್ಟಕ್ಕೇ ಬಿಡಲಿಲ್ಲ. ಕಬಡ್ಡಿಯಲ್ಲಿ ನಮ್ಮವರಿಗೆ ಪಾಯಿಂಟ್ ಬಂದರೆ ಔಟಾದವನು ಮತ್ತೆ ಒಳಗೆ ಬರುತ್ತಾನಲ್ಲ, ಇಲ್ಲೂ ಹಾಗೇ ಎಂದುಕೊಂಡು, ಕಿಟ್ಟಿಯ ಕಡೆಯವರು ಚೆಂಡು ಹಾಕಿದ ಕೂಡಲೇ ಗೆರೆಯ ತನಕ ಹೋಗಿ, "ಪಾಯಿಂಟ್ ಬಂತಲ್ಲ ಸಾರ್, ನಮ್ಮ ಹುಡುಗನ್ನ ಒಳಕ್ಕೆ ಬಿಡಿ" ಎಂದು ಕೂಗಿದರು. ಮತ್ತೊಂದು ಚೆಂಡು ಬಿತ್ತು, ಮತ್ತೆ ಕೂಗಿದರು. ಮೈದಾನವೆಲ್ಲ ನಗು. "ಯಜಮಾನ್ರೇ, ಇದ್ರಲ್ಲಿ ಆಚೆ ಹೋದೋನು ಹೋದಂಗೇ" ಎಂದು ಒಬ್ಬ ವಿದ್ಯಾರ್ಥಿ ರೇಗಿಸಿದ. ರೆಫರಿಯೂ ಸೀಟಿ ಬಾಯಿಂದ ತೆಗೆದು ನಕ್ಕರು. ನನಗೆ ಮಾತ್ರ "ನಮ್ಮ ಹುಡುಗ" ಎಂಬ ಮಾತೇ ಕಿವಿಯಲ್ಲಿ ಕೂತುಬಿಟ್ಟಿತು.

ಇಲ್ಲಿಂದ ಮುಂದೆ ಕಿಟ್ಟಿ ಎಂದು ಬರೆಯಲು ನಾಚಿಕೆ, ಅವರು ಅಂತಲೇ ಬರೆಯುತ್ತೇನೆ. ಆಟ ಮುಗಿದ ಮೇಲೆ ಅವರು ಮೊದಲು ಆ ಬಿದ್ದ ಹುಡುಗನ ಮಂಡಿ ನೋಡಿ ಮಾತಾಡಿಸಿದರು. ಆಮೇಲೆ ಅಪ್ಪನ ಹತ್ತಿರ ಬಂದು ತಲೆ ತಗ್ಗಿಸಿ, "ಈ ಆಟದಲ್ಲಿ ಹಿಡಿಯೋ ಹಾಗಿಲ್ಲ ಮಾವ. ತಪ್ಪು ನಂದೇ" ಅಂದರು.

"ಹಿಡಿಯೋ ಹಾಗಿಲ್ದಿದ್ರೆ ಅದ್ಯಾವ ಸೀಮೆ ಆಟನಯ್ಯ. ಭಾನುವಾರ ನಮ್ಮೂರಿಗೆ ಬಾ. ನಿಮ್ಮಪ್ಪನ್ನೂ ಕರ್ಕೊಂಡು ಬಾ" ಅಂದರು ಅಪ್ಪ. ಮನೆ ಸೇರುವ ತನಕ ಎತ್ತುಗಳಿಗೂ ಆ ಹಿಡಿತದ ವರ್ಣನೆಯೇ.

ಸಂಜೆಗೆ ಬರುತ್ತಾರೆ. ಇವತ್ತು ಬೆಳಿಗ್ಗೆ ಅಪ್ಪ ಕಣದಲ್ಲಿ ಹಿಮ್ಮಡಿಯಿಂದ ಕಬಡ್ಡಿ ಗೆರೆ ಎಳೆದರು. ಬಾಗಿಲಿಗೆ ಹಾಕಿ ಮಿಕ್ಕಿದ್ದ ರಂಗೋಲಿ ಪುಡಿಯನ್ನು ನಾನು ಆ ಗೆರೆಯ ಮೇಲೆ ಉದುರಿಸಿ ಬಂದೆ.

ನಿನ್ನ ತಂಗಿ
ಬೈರಮ್ಮ

ಬರೆಯದೆ ಬಿಟ್ಟದ್ದು: ಗುರುವಾರ ಬಂದ ದಾರಿ ನಮ್ಮ ದಾರಿಯಲ್ಲ. ಅಲ್ಲಿ ಆಟವಿದೆ ಎಂದು ಅವರ ತಂಗಿ ನನಗೆ ಹೇಳಿದ್ದಳು. ಎತ್ತಿಗೆ ಬಾಯಾರಿದೆ, ಮೈದಾನದ ಪಕ್ಕ ನೀರಿನ ತೊಟ್ಟಿಯಿದೆ ಎಂದು ಹೇಳಿ ಅಪ್ಪನ ಕೈಲಿ ಗಾಡಿ ತಿರುಗಿಸಿದವಳು ನಾನೇ. ಅಲ್ಲಿ ತೊಟ್ಟಿಯೇ ಇರಲಿಲ್ಲ. ಅಪ್ಪ ಇವತ್ತಿನವರೆಗೂ ಅದನ್ನು ಕೇಳಿಲ್ಲ.